ಕೈ ಬೀಸಿ, ಮೈ ಕುಣಿಸಿ ಆಡುವ ವಿಡಿಯೊ ಗೇಮ್‌ಗಳು: ವೀ, ಮೂವ್, ಕಿನೆಕ್ಟ್, ಸ್ವಿಚ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆಯ ಮನೆಗಳಿಗೆ ಈ ಯಂತ್ರಗಳು ಬರುವ ದಾರಿ ಹೆಚ್ಚಾಗಿ ಎರಡು. ದುಬೈಯಿಂದಲೋ ಅಮೆರಿಕದಿಂದಲೋ ರಜೆಗೆ ಬಂದ ನೆಂಟರು ತಂದುಕೊಡುತ್ತಾರೆ. ಇಲ್ಲವಾದರೆ ಹುಬ್ಬಳ್ಳಿ, ಮಡಗಾಂವ್ ಕಡೆಯಿಂದ ಅಥವಾ ಆನ್‌ಲೈನ್‌ನಲ್ಲಿ ಸೆಕೆಂಡ್ ಹ್ಯಾಂಡ್ ತಗೊಳ್ಳುತ್ತಾರೆ. ಹೇಗೆ ಬಂದರೂ ಆಮೇಲೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅವನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ.

ಒಂದು ಮಾತು ಮೊದಲೇ ಹೇಳುತ್ತೇನೆ. ಇಂಥ ಯಂತ್ರವನ್ನು ಚಿತ್ರದ ಅಂದ ನೋಡಿ ಆರಿಸಬೇಡಿ. ಕೋಣೆ ಎಷ್ಟಿದೆ, ಬೆಳಕು ಯಾವ ಕಡೆಯಿಂದ ಬರುತ್ತದೆ, ಆಡುವವರು ಯಾರು, ಈ ಮೂರನ್ನು ನೋಡಿ ಆರಿಸಿ. ಕೆಳಗಿನ ಉತ್ತರಗಳೆಲ್ಲ ಸುತ್ತಿ ಬಳಸಿ ಇಲ್ಲಿಗೇ ಬರುತ್ತವೆ.

ಮೋಷನ್ ಕಂಟ್ರೋಲ್ ಅಂದರೆ ಏನು?

ಬಟನ್ ಒತ್ತುವ ಬದಲು ಕೈ ಅಥವಾ ಇಡೀ ಮೈ ಆಡಿಸಿ ಗೇಮ್ ಆಡುವುದು. ಟೆನ್ನಿಸ್ ಆದರೆ ಕೈಯಲ್ಲಿರುವ ರಿಮೋಟನ್ನು ರಾಕೆಟ್ ಹಾಗೆ ಬೀಸಬೇಕು. ಬೌಲಿಂಗ್ ಆದರೆ ತೋಳನ್ನು ಹಿಂದೆ ಒಯ್ದು ಮುಂದಕ್ಕೆ ತೂರಬೇಕು. ಗೇಮ್ ಅಂದರೆ ಮೂಲೆಯಲ್ಲಿ ಕೂತು ಬೆರಳು ಆಡಿಸುವುದು ಅಂದುಕೊಂಡವರೂ ಇದನ್ನು ನೋಡಿದರೆ ಎದ್ದು ಬಂದು ಒಂದು ಕೈ ನೋಡುತ್ತಾರೆ.

ಈ ನಾಲ್ಕೂ ಒಂದೇ ಅಲ್ವಾ? ಒಳಗೆ ಏನು ವ್ಯತ್ಯಾಸ?

ಹೊರಗಿನಿಂದ ಒಂದೇ ಥರ ಕಾಣುತ್ತವೆ. ನಿಮ್ಮ ಚಲನೆಯನ್ನು ಹಿಡಿಯುವ ಬಗೆ ಮಾತ್ರ ಪೂರ್ತಿ ಬೇರೆ. ಇದು ತಿಳಿದರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ತಾನಾಗೇ ಸಿಗುತ್ತದೆ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಂಟೆಂಡೊ ವೀ 2006ರ ನವೆಂಬರ್‌ನಲ್ಲಿ ಬಂತು. ಪ್ರಪಂಚದಲ್ಲಿ 10 ಕೋಟಿಗೂ ಜಾಸ್ತಿ ಮಾರಾಟವಾಯಿತು. ಅದರ ರಿಮೋಟ್ ಒಳಗೆ ಆಕ್ಸೆಲೆರೋಮೀಟರ್ ಇದೆ. ರಿಮೋಟನ್ನು ಅಲುಗಿಸದೆ ಹಿಡಿದರೆ ಭೂಮಿಯ ಎಳೆತದಿಂದ ಅದು ಎಷ್ಟು ವಾಲಿದೆ ಎಂದು ಇದು ತಿಳಿಯುತ್ತದೆ. ಜೋರಾಗಿ ಬೀಸಿದಾಗ ಭೂಮಿಯ ಎಳೆತವೂ ನಿಮ್ಮ ಬೀಸೂ ಕಲಸಿಹೋಗುತ್ತವೆ. ಆಗ ಕೈ ನಿಜವಾಗಿ ಯಾವ ಕಡೆ ತಿರುಗಿತು ಎಂದು ಅದಕ್ಕೆ ಸರಿಯಾಗಿ ಗೊತ್ತಾಗುವುದಿಲ್ಲ. ಅದಕ್ಕೇ ಹಳೆಯ ವೀ ಟೆನ್ನಿಸ್‌ನಲ್ಲಿ ತೋಳು ಬೀಸದೆ ಬರೀ ಮಣಿಕಟ್ಟು ಅಲುಗಿಸಿದರೂ ಚೆಂಡು ಹೋಗುತ್ತದೆ. ಈ ಕೊರತೆ ತುಂಬಲು 2009ರಲ್ಲಿ ಮೋಷನ್‌ಪ್ಲಸ್ ಎಂಬ ಚಿಕ್ಕ ತುಂಡು ಬಂತು. ಅದರಲ್ಲಿರುವ ಜೈರೋಸ್ಕೋಪ್ ತಿರುಗುವಿಕೆಯನ್ನು ಅಳೆಯುತ್ತದೆ. 2010ರಿಂದ ಬಂದ ರಿಮೋಟ್ ಪ್ಲಸ್‌ನಲ್ಲಿ ಅದು ಒಳಗೇ ಇದೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಇದನ್ನೇ ಹುಡುಕಿ.

ಸೋನಿಯ ಪ್ಲೇಸ್ಟೇಷನ್ ಮೂವ್ 2010ರ ಸೆಪ್ಟೆಂಬರ್‌ನದು. ಕೋಲಿನ ತುದಿಯಲ್ಲಿ ಹೊಳೆಯುವ ಒಂದು ಗೋಲ. ಟಿವಿ ಹತ್ತಿರ ಇಟ್ಟ ಕ್ಯಾಮೆರಾ ಆ ಗೋಲವನ್ನು ನೋಡುತ್ತಿರುತ್ತದೆ. ಗೋಲದ ಅಳತೆ ಮೊದಲೇ ಗೊತ್ತಿರುವುದರಿಂದ, ಚಿತ್ರದಲ್ಲಿ ಅದು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ನೋಡಿ ದೂರವನ್ನು ಲೆಕ್ಕ ಹಾಕುತ್ತದೆ. ಕೋಲಿನೊಳಗೆ ಆಕ್ಸೆಲೆರೋಮೀಟರ್, ಜೈರೋಸ್ಕೋಪ್, ಜೊತೆಗೆ ದಿಕ್ಕು ತಿಳಿಯಲು ಮ್ಯಾಗ್ನೆಟೋಮೀಟರ್ ಕೂಡ ಇವೆ. ಕೈ ಕೋಣೆಯಲ್ಲಿ ಎಲ್ಲಿದೆ, ಹೇಗೆ ತಿರುಗಿದೆ ಎರಡನ್ನೂ ಹಿಡಿಯುವುದರಲ್ಲಿ ಈ ನಾಲ್ಕರಲ್ಲಿ ಇದೇ ಮುಂದು ಎಂದು ನನ್ನ ಅಭಿಪ್ರಾಯ.

ಕಿನೆಕ್ಟ್ ಮೈಕ್ರೋಸಾಫ್ಟ್‌ನದು. ಅವರದೇ ಗೇಮ್ ಯಂತ್ರ ಎಕ್ಸ್‌ಬಾಕ್ಸ್ 360ಕ್ಕೆ 2010ರ ನವೆಂಬರ್‌ನಲ್ಲಿ ಬಂತು. ಇದಕ್ಕೆ ಕೈಯಲ್ಲಿ ಏನೂ ಬೇಡ. ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕಿನ ಸಾವಿರಾರು ಚುಕ್ಕೆಗಳನ್ನು ಕೋಣೆಗೆಲ್ಲ ಚೆಲ್ಲುತ್ತದೆ. ಚುಕ್ಕೆಗಳು ಎಲ್ಲೆಲ್ಲಿ ಹೇಗೆ ಬಿದ್ದವು ಎಂದು ನೋಡಿ ಯಾವ ವಸ್ತು ಎಷ್ಟು ದೂರ ಎಂದು ತಿಳಿಯುತ್ತದೆ. ಅದರಿಂದ ನಿಮ್ಮ ತಲೆ, ಭುಜ, ಮೊಣಕೈ, ಮೊಣಕಾಲು ಹೀಗೆ 20 ಜಾಗಗಳನ್ನು ಗುರುತಿಸುತ್ತದೆ. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಜೊತೆ ಬಂದ ಎರಡನೆಯ ಕಿನೆಕ್ಟ್ ಬೇರೆ ವಿಧಾನದ್ದು. ಬೆಳಕು ಹೋಗಿ ವಾಪಸ್ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ಅಳೆದು 25 ಜಾಗ ಗುರುತಿಸುತ್ತದೆ.

ನಿಂಟೆಂಡೊ ಸ್ವಿಚ್ 2017ರ ಮಾರ್ಚ್‌ನದು. ಅದರ ಎರಡು ಬದಿಗೂ ಸಿಕ್ಕಿಸಿದ ಜಾಯ್-ಕಾನ್ ಎಂಬ ಚಿಕ್ಕ ಕಂಟ್ರೋಲರ್‌ಗಳನ್ನು ಬಿಚ್ಚಿ ಕೈಗೊಂದು ಹಿಡಿಯಬಹುದು. ಒಳಗೆ ಆಕ್ಸೆಲೆರೋಮೀಟರ್, ಜೈರೋಸ್ಕೋಪ್ ಎರಡೂ ಇವೆ. ಟಿವಿ ಮೇಲೆ ಏನೂ ಇಡಬೇಕಿಲ್ಲ. ಪರದೆಯ ಕಡೆ ಗುರಿ ಹಿಡಿಯುವ ಆಟಗಳಲ್ಲಿ ಗುರುತು ಮೆಲ್ಲಗೆ ಪಕ್ಕಕ್ಕೆ ಸರಿಯುವುದುಂಟು. ಒಂದು ಬಟನ್ ಒತ್ತಿದರೆ ಮತ್ತೆ ನಡುವಿಗೆ ಬರುತ್ತದೆ.

ಕಾಲಹರಣ ಬೇಡ, ಯಾವುದು ತಗೊಳ್ಳಲಿ ಹೇಳಿ.

ಹೊಸದಾಗಿ ಹಣ ಹಾಕುವುದಾದರೆ ಸ್ವಿಚ್. ಮನೆಯಲ್ಲಿ ವಯಸ್ಸಾದವರಿದ್ದು, ಕಡಿಮೆ ಖರ್ಚಿನಲ್ಲಿ ಎಲ್ಲರೂ ಸೇರಿ ಆಡಬೇಕು ಎಂದಿದ್ದರೆ ಸೆಕೆಂಡ್ ಹ್ಯಾಂಡ್ ವೀ. ದೊಡ್ಡ ಹಾಲ್ ಇದ್ದು ಮಕ್ಕಳಿಗೆ ಕುಣಿಯುವ ಹುಚ್ಚಿದ್ದರೆ ಎಕ್ಸ್‌ಬಾಕ್ಸ್ 360 ಮತ್ತು ಕಿನೆಕ್ಟ್. ಮೂವ್ ನಡೆಯುವ ಪಿಎಸ್3 (ಸೋನಿಯ ಪ್ಲೇಸ್ಟೇಷನ್ 3 ಯಂತ್ರ) ಈಗಾಗಲೇ ಮನೆಯಲ್ಲಿದ್ದರೆ ಮಾತ್ರ ಮೂವ್. ಅದಕ್ಕೆಂದೇ ಪಿಎಸ್3 ಕೊಳ್ಳಲು ಹೋಗಬೇಡಿ.

ಸಂಜೆ ಹೊತ್ತು ಮಾತ್ರ ಸರಿಯಾಗಿ ಆಡುವುದಿಲ್ಲ, ರಾತ್ರಿ ಸರಿಯಾಗುತ್ತದೆ. ಏನು ಕಾರಣ?

ಬಿಸಿಲು. ನಮ್ಮ ಕರಾವಳಿಯ ಎಷ್ಟೋ ಮನೆಗಳ ಬಾಗಿಲು, ಕಿಟಕಿ ಸಮುದ್ರದ ಕಡೆಗಿವೆ. ಐದು ಗಂಟೆ ದಾಟಿದ ಮೇಲೆ ಬಿಸಿಲು ಅಡ್ಡಡ್ಡ ಒಳಗೆ ಬರುತ್ತದೆ. ಸೂರ್ಯನ ಬೆಳಕಿನಲ್ಲಿ ಇನ್ಫ್ರಾರೆಡ್ ಬೇಕಾದಷ್ಟಿದೆ. ಕಿನೆಕ್ಟ್ ಚೆಲ್ಲಿದ ಚುಕ್ಕೆಗಳು ಅದರಲ್ಲಿ ಮುಳುಗಿಹೋಗುತ್ತವೆ. ಆಡುವವನ ಒಂದು ಕೈ ಮಾಯವಾಗುತ್ತದೆ, ಇಲ್ಲವೇ ಪರದೆಯ ಗೊಂಬೆ ವಿಚಿತ್ರವಾಗಿ ಮುರುಟುತ್ತದೆ. ವೀ ರಿಮೋಟ್ ನೇರ ಬಿಸಿಲಿನ ಕಡೆ ತಿರುಗಿದರೆ ಗುರಿ ತಪ್ಪುತ್ತದೆ. ಮೂವ್ ಕ್ಯಾಮೆರಾಕ್ಕೆ ನಿಮ್ಮ ಬೆನ್ನ ಹಿಂದೆ ಬೆಳಗುವ ಕಿಟಕಿ ಇದ್ದರೆ ಗೋಲ ಹುಡುಕುವುದು ಕಷ್ಟ.

ದಪ್ಪ ಪರದೆ ಎಳೆಯಿರಿ. ಅದಾಗದಿದ್ದರೆ ಟಿವಿ ಜಾಗ ಬದಲಿಸಿ. ಸ್ವಿಚ್‌ಗೆ ಈ ತೊಂದರೆ ಇಲ್ಲವೇ ಇಲ್ಲ. ಬೀಸಿ ಆಡುವಾಗ ಅದು ಹೊರಗಿನ ಬೆಳಕನ್ನು ನೋಡುವುದೇ ಇಲ್ಲ. ನಮ್ಮ ಕಡೆಗೆ ಅದನ್ನೇ ಮೊದಲು ಹೇಳಲು ಇದೂ ಒಂದು ಕಾರಣ.

ವೀ ಸೆನ್ಸರ್ ಬಾರ್ ವೈರ್ ಇಲಿ ಕಡಿದಿದೆ. ಇನ್ನು ಆಡಲು ಆಗುವುದಿಲ್ಲವಾ?

ಆಗುತ್ತದೆ. ಟಿವಿ ಹತ್ತಿರ ಇಡುವ ಆ ಪಟ್ಟಿಯನ್ನು ಸೆನ್ಸರ್ ಬಾರ್ ಅಂತ ಕರೆದರೂ ಅದು ಏನನ್ನೂ ಸೆನ್ಸ್ ಮಾಡುವುದಿಲ್ಲ. ಅದರ ಎರಡು ತುದಿಯಲ್ಲಿ ಇನ್ಫ್ರಾರೆಡ್ ದೀಪಗಳಿವೆ, ಅಷ್ಟೇ. ನೋಡುವ ಕಣ್ಣು ರಿಮೋಟಿನ ಮೂತಿಯಲ್ಲಿದೆ. ಆ ಎರಡು ಬೆಳಕಿನ ಚುಕ್ಕೆ ಎಲ್ಲಿವೆ ಎಂದು ನೋಡಿ ನೀವು ಪರದೆಯ ಯಾವ ಜಾಗಕ್ಕೆ ತೋರಿಸುತ್ತಿದ್ದೀರಿ ಎಂದು ರಿಮೋಟ್ ಲೆಕ್ಕ ಹಾಕುತ್ತದೆ. ಹಾಗಾಗಿ ಒಂದು ಗೇಣು ಅಂತರದಲ್ಲಿ ಎರಡು ಮೇಣದಬತ್ತಿ ಹಚ್ಚಿಟ್ಟರೂ ಕೆಲಸ ನಡೆಯುತ್ತದೆ. ಜ್ವಾಲೆಯಲ್ಲೂ ಇನ್ಫ್ರಾರೆಡ್ ಇದೆ. ಟಿವಿ ಹತ್ತಿರ ಬೆಂಕಿ ಇಡುವುದು ಒಳ್ಳೆಯದಲ್ಲ, ಹಾಗಾಗಿ ಪರೀಕ್ಷೆಗೆ ಮಾತ್ರ. ಸೆಲ್ ಹಾಕುವ ಬೇರೆ ಬಾರ್ ಸಿಗುತ್ತದೆ, ಅದನ್ನು ತಗೊಳ್ಳಿ.

ಇದೇ ಕಾರಣಕ್ಕೆ ಉಲ್ಟಾ ತೊಂದರೆಯೂ ಆಗುತ್ತದೆ. ಕುಮಟಾ ಕಡೆಯ ಒಂದು ಮನೆಯಲ್ಲಿ ಟಿವಿ ಪಕ್ಕದಲ್ಲೇ ದೇವರ ಗೂಡು. ಸಂಜೆ ದೀಪ ಹಚ್ಚಿದ ಕೂಡಲೇ ಪರದೆಯ ಮೇಲಿನ ಕೈ ಗುರುತು ಎಡಕ್ಕೆ ಜಿಗಿಯುತ್ತಿತ್ತು. ರಿಮೋಟ್ ಹಾಳಾಯಿತು ಅಂತ ಮಕ್ಕಳು ಅದನ್ನು ಎತ್ತಿಟ್ಟುಬಿಟ್ಟಿದ್ದರು. ವೀ ಸೆಟ್ಟಿಂಗ್ಸ್‌ನಲ್ಲಿ ಸೆನ್ಸರ್ ಬಾರ್‌ನ ಸೆನ್ಸಿಟಿವಿಟಿ ಪುಟ ತೆರೆದರೆ ರಿಮೋಟಿಗೆ ಕಾಣುವ ಬೆಳಕಿನ ಚುಕ್ಕೆಗಳು ಪರದೆಯಲ್ಲೇ ಕಾಣುತ್ತವೆ. ಎರಡು ಇರಬೇಕಾದ ಕಡೆ ಅಲ್ಲಿ ಮೂರು ಇದ್ದವು. ದೀಪವನ್ನು ಸರಿಸುವ ಮಾತಿಲ್ಲ, ಟಿವಿಯನ್ನೇ ಪಕ್ಕದ ಗೋಡೆಗೆ ಸರಿಸಿದರು. ನಿಮ್ಮಲ್ಲೂ ಗುರುತು ಜಿಗಿಯುತ್ತಿದ್ದರೆ ಮೊದಲು ಆ ಪುಟ ನೋಡಿ. ಹೊಳೆಯುವ ನೆಲ, ಗಾಜಿನ ಕಪಾಟು ಕೂಡ ಬೆಳಕನ್ನು ತಿರುಗಿಸಿ ಇಂಥದೇ ಗೊಂದಲ ಮಾಡುತ್ತವೆ.

ನಮ್ಮ ಮನೆಯಲ್ಲಿ ಜಾಗ ಸಾಕಾ?

ಕಿನೆಕ್ಟ್‌ಗೆ ಒಬ್ಬರು ಆಡಲು ಸುಮಾರು 6 ಅಡಿ, ಇಬ್ಬರು ಆಡಲು ಸುಮಾರು 8 ಅಡಿ ದೂರ ನಿಲ್ಲಬೇಕು. ನಡುವೆ ಮೇಜು, ಕುರ್ಚಿ ಇರಬಾರದು. ಅದನ್ನು ನೆಲದಿಂದ 2ರಿಂದ 6 ಅಡಿ ಎತ್ತರದಲ್ಲಿ ಇಡಬೇಕು. ಕಾರವಾರದ ಕ್ವಾರ್ಟರ್ಸ್ ಮನೆಗಳ ಚಿಕ್ಕ ಹಾಲ್‌ನಲ್ಲಿ ಸೋಫಾ ಸರಿಸದೆ ಇದು ಆಗುವುದಿಲ್ಲ. ಪ್ರತಿ ಸಲ ಸೋಫಾ ಸರಿಸಬೇಕು ಅಂದರೆ ಯಾರೂ ಆಡುವುದಿಲ್ಲ, ಮೂಲೆಗೆ ಹೋಗುತ್ತದೆ. ಇದನ್ನು ಗಟ್ಟಿಯಾಗಿ ಯೋಚಿಸಿ.

ವೀ ಮತ್ತು ಸ್ವಿಚ್‌ಗೆ ಕೈ ಚಾಚಿ ಒಂದು ಸುತ್ತು ತಿರುಗುವಷ್ಟು ಜಾಗ ಸಾಕು. ಇಬ್ಬರು ಅಕ್ಕಪಕ್ಕ ನಿಂತರೆ ಒಬ್ಬರ ಬೀಸು ಇನ್ನೊಬ್ಬರಿಗೆ ತಾಗದಷ್ಟು ಅಂತರ ಇರಲಿ.

ಶಿರಸಿ, ಸಿದ್ದಾಪುರ ಕಡೆಯ ಹಳೆ ಮನೆಯವರಿಗೆ ಇನ್ನೊಂದು ಮಾತು. ಅಗಲ ನೋಡಿದರೆ ಸಾಲದು, ಎತ್ತರವನ್ನೂ ನೋಡಿ. ಮೆತ್ತಿನ ತೊಲೆ ತಗ್ಗಿದ್ದು, ಅದಕ್ಕೆ ಫ್ಯಾನ್ ಇಳಿಬಿಟ್ಟಿದ್ದರೆ ಟೆನ್ನಿಸ್ ಸರ್ವ್ ಮಾಡುವಾಗ ಕೈ ಹೋಗಿ ಫ್ಯಾನಿಗೇ ತಾಗುತ್ತದೆ. ಜಗಲಿಯ ನಯವಾದ ಕೆಂಪು ನೆಲದ ಮೇಲೆ ಕಾಲುಚೀಲ ಹಾಕಿ ಕುಣಿಯಬೇಡಿ. ಬರಿಗಾಲು ಒಳ್ಳೆಯದು. ಮಳೆಗಾಲದಲ್ಲಿ ನೆಲ ಬೆವರಿದ್ದರೆ ಅವತ್ತು ಆಟ ಬೇಡ.

ರಿಮೋಟ್ ಕೈ ಜಾರಿ ಟಿವಿಗೆ ಬಡಿಯುತ್ತದೆ ಅಂತಾರೆ, ನಿಜವಾ?

ನಿಜ. ವೀ ಬಂದ ಹೊಸತರಲ್ಲಿ ಮಣಿಕಟ್ಟಿನ ದಾರ ತುಂಡಾಗುತ್ತಿದೆ ಎಂದು ಜನ ದೂರಿದರು. 2006ರ ಡಿಸೆಂಬರ್‌ನಲ್ಲೇ ನಿಂಟೆಂಡೊ ದಪ್ಪ ದಾರ ಬದಲಿಸಿಕೊಟ್ಟಿತು. ಮರುವರ್ಷ ರಬ್ಬರಿನಂಥ ಕವಚವನ್ನೂ ಕೊಟ್ಟಿತು. ನಮ್ಮ ಸೆಕೆಗೆ ಅಂಗೈ ಬೇಗ ಬೆವರುತ್ತದೆ. ದಾರ ಕಟ್ಟಿಕೊಳ್ಳದೆ ಯಾರ ಕೈಗೂ ರಿಮೋಟ್ ಕೊಡಬೇಡಿ, ದೊಡ್ಡವರಿಗೂ ಸಹ.

ಲುಂಗಿ ಉಟ್ಟರೆ ಕಿನೆಕ್ಟ್ ಗುರುತಿಸುವುದಿಲ್ಲ ಯಾಕೆ?

ಅದು ಎರಡು ಕಾಲನ್ನು ಬೇರೆ ಬೇರೆಯಾಗಿ ಹುಡುಕುತ್ತದೆ. ಲುಂಗಿ, ಸೀರೆ, ಉದ್ದ ಲಂಗ ಉಟ್ಟರೆ ಕಾಲು ಎಲ್ಲಿದೆ ಎಂದು ಅದಕ್ಕೆ ತಿಳಿಯುವುದಿಲ್ಲ. ಕೈಯ ಆಟಗಳು ಹೇಗೋ ನಡೆಯುತ್ತವೆ. ಕುಣಿತ, ಜಿಗಿತ ಕಷ್ಟ. ಚೂಡಿದಾರ್, ಪ್ಯಾಂಟ್, ಚಡ್ಡಿ ಆದರೆ ತೊಂದರೆ ಇಲ್ಲ. ಆಯಿ ಸೀರೆ ಉಟ್ಟುಕೊಂಡೇ ಆಡಬೇಕು ಅಂದರೆ ವೀ ಅಥವಾ ಸ್ವಿಚ್ ಇರಲಿ. ಅವು ಕೈಯಲ್ಲಿ ಹಿಡಿದದ್ದನ್ನು ಮಾತ್ರ ಗಮನಿಸುತ್ತವೆ.

ಅಣ್ಣ ಅಮೆರಿಕದಿಂದ ವೀ ತಂದಿದ್ದಾನೆ. ಪಿನ್ ಬದಲಿಸಿ ಹಾಕಬಹುದಾ?

ದಯವಿಟ್ಟು ಬೇಡ! ಅಮೆರಿಕದ ವೀ ಅಡಾಪ್ಟರ್ 120 ವೋಲ್ಟ್‌ನದು, ನಮ್ಮದು 230. ಬರೀ ಪಿನ್ ಬದಲಿಸುವ ತುಂಡು ಸಿಕ್ಕಿಸಿ ಹಾಕಿದರೆ ಅಡಾಪ್ಟರ್ ಸುಡುತ್ತದೆ. ಆದರೆ ಯಂತ್ರಕ್ಕೆ ಬೇಕಿರುವುದು 12 ವೋಲ್ಟ್ ಡಿಸಿ. ಎಲ್ಲ ದೇಶದ ವೀಗೂ ಅಷ್ಟೇ. ಹಾಗಾಗಿ 230 ವೋಲ್ಟ್‌ಗೆ ಮಾಡಿದ ವೀ ಅಡಾಪ್ಟರ್ ಒಂದನ್ನು ತಂದರೆ ಮುಗಿಯಿತು. ಜಪಾನಿನಿಂದ ತಂದದ್ದಾದರೆ ಅಡಾಪ್ಟರ್ 100 ವೋಲ್ಟ್, ಅದಕ್ಕೂ ಇದೇ ಮಾತು.

ಕೊಲ್ಲಿಯಿಂದ ಬಂದ ಯಂತ್ರಗಳನ್ನೂ ಅಡಾಪ್ಟರಿನ ಮೇಲಿನ ಚೀಟಿ ಓದಿಯೇ ಹಾಕಿ. 220-240 ಎಂದು ಬರೆದಿದ್ದರೆ ಪಿನ್ ಬದಲಿಸಿದರೆ ಸಾಕು. ಸ್ವಿಚ್ ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೆ ತಡೆಯುತ್ತದೆ. ಅದನ್ನು ಯಾವ ದೇಶದಿಂದ ತಂದರೂ ಚಿಂತೆಯಿಲ್ಲ.

ಡಿಸ್ಕ್ ವಿಷಯದಲ್ಲೂ ಹುಷಾರು. ಅಮೆರಿಕದ ವೀಯಲ್ಲಿ ಅಮೆರಿಕದ ಡಿಸ್ಕ್ ಮಾತ್ರ ಓಡುತ್ತದೆ. ಯಂತ್ರ ತರುವವರಿಗೆ ಗೇಮ್‌ಗಳನ್ನೂ ಅಲ್ಲಿಂದಲೇ ತರಲು ಹೇಳಿ. ಸ್ವಿಚ್ ಕಾರ್ಟ್ರಿಜ್‌ಗಳಿಗೆ ಈ ಕಟ್ಟಳೆ ಇಲ್ಲ.

ಹೊಸ ಟಿವಿಗೆ ವೀ ವೈರ್ ಹಾಕಲು ತೂತೇ ಇಲ್ಲ.

ವೀಯಲ್ಲಿ ಎಚ್‌ಡಿಎಂಐ ಇಲ್ಲ. ಹಳದಿ, ಬಿಳಿ, ಕೆಂಪು ವೈರ್ ಬರುತ್ತದೆ. ಕೆಲವು ಹೊಸ ಟಿವಿಗಳಲ್ಲಿ ಎವಿ ಎಂದು ಬರೆದ ಒಂದೇ ಚಿಕ್ಕ ತೂತು ಇರುತ್ತದೆ, ಅದಕ್ಕೆ ಬೇರೆ ಕೇಬಲ್ ಬೇಕು. ಅದೂ ಇಲ್ಲದಿದ್ದರೆ ವೀಯಿಂದ ಎಚ್‌ಡಿಎಂಐಗೆ ಬದಲಿಸುವ ಚಿಕ್ಕ ತುಂಡು ಆನ್‌ಲೈನ್‌ನಲ್ಲಿ ಸಿಗುತ್ತದೆ. ಚಿತ್ರ ಹೆಚ್ಚೆಂದರೆ 480 ಗೆರೆಯದ್ದು. ದೊಡ್ಡ ಪರದೆಯಲ್ಲಿ ಸ್ವಲ್ಪ ಮಸುಕು. ಬೌಲಿಂಗ್ ಆಡುವಾಗ ಯಾರೂ ಅದನ್ನು ಗಮನಿಸುವುದಿಲ್ಲ.

ಅಜ್ಜ, ಅಜ್ಜಿ ಆಡಬಹುದಾ? ಇಂಗ್ಲಿಷ್ ಬರುವುದಿಲ್ಲ.

ಖಂಡಿತ ಆಡಬಹುದು. ಈ ಯಂತ್ರಗಳ ಬಗ್ಗೆ ನನಗೆ ಇಷ್ಟು ಅಕ್ಕರೆ ಇರುವುದೇ ಇದಕ್ಕಾಗಿ. ಯಾವುದರಲ್ಲೂ ಕನ್ನಡ ಮೆನು ಇಲ್ಲ, ಅದು ಬೇಸರದ ಸಂಗತಿ. ಆದರೆ ಆಟ ಶುರುವಾದ ಮೇಲೆ ಓದಲು ಏನೂ ಇರುವುದಿಲ್ಲ. ಮೊಮ್ಮಗ ಮೆನು ದಾಟಿಸಿಕೊಟ್ಟರೆ ಸಾಕು.

ಶುರು ಮಾಡಲು ವೀ ಸ್ಪೋರ್ಟ್ಸ್‌ನ ಬೌಲಿಂಗ್‌ಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಜಪಾನ್, ದಕ್ಷಿಣ ಕೊರಿಯಾ ಬಿಟ್ಟು ಉಳಿದ ಕಡೆ ಮೊದಲಿಗೆ ಯಂತ್ರದ ಜೊತೆಗೇ ಈ ಡಿಸ್ಕ್ ಕೊಡುತ್ತಿದ್ದರು. ರಿಮೋಟಿನ ಅಡಿಭಾಗದಲ್ಲಿ ತೋರುಬೆರಳಿಗೆ ಸಿಗುವ ಒಂದು ಬಟನ್ ಇದೆ. ಅದನ್ನು ಒತ್ತಿ ಹಿಡಿದು, ತೋಳು ಹಿಂದಕ್ಕೆ ಒಯ್ದು, ಮುಂದೆ ಬೀಸುವಾಗ ಬಿಡಬೇಕು. ಅಷ್ಟೇ ಪಾಠ. "ತಮಾ, ಈಗ ಬಿಡಲಾ?" ಅಂತ ಕೇಳುತ್ತಲೇ ಅಜ್ಜಿ ಬಿಟ್ಟಿರುತ್ತಾರೆ, ಹತ್ತೂ ಪಿನ್ ಬಿದ್ದಿರುತ್ತವೆ. ಕುರ್ಚಿಯಲ್ಲಿ ಕೂತೂ ಆಡಬಹುದು. ಮೊಣಕಾಲು ನೋವಿನವರಿಗೆ ಇದು ದೊಡ್ಡ ಅನುಕೂಲ. ಕಿನೆಕ್ಟ್‌ನ ಹೆಚ್ಚಿನ ಆಟಗಳಿಗೆ ನಿಂತೇ ಇರಬೇಕು.

ಭುಜ ನೋವು, ಹೃದಯದ ತೊಂದರೆ, ತಲೆಸುತ್ತು ಇರುವವರು ಡಾಕ್ಟರರನ್ನು ಕೇಳಿ ಆಡಲಿ.

ಇದರಿಂದ ವ್ಯಾಯಾಮ ಆಗುತ್ತದಾ?

ಯಾವ ಆಟ ಎನ್ನುವುದರ ಮೇಲೆ. ಕೂತು ಬೌಲಿಂಗ್ ಆಡಿದರೆ ಆಗುವುದಿಲ್ಲ. ವೀ ಬಾಕ್ಸಿಂಗ್ ಎರಡು ಸುತ್ತು ಆಡಿದರೆ ಅಂಗಿ ಒದ್ದೆಯಾಗುತ್ತದೆ.

ಮಳೆಗಾಲದಲ್ಲಿ ವಾಕಿಂಗ್ ನಿಂತುಹೋಗುವವರಿಗೆ ಎರಡು ಸಾಧನ ಹೇಳಬೇಕು. ಒಂದು ವೀ ಬ್ಯಾಲೆನ್ಸ್ ಬೋರ್ಡ್. ಮೇಲೆ ಹತ್ತಿ ನಿಂತರೆ ನಾಲ್ಕು ಮೂಲೆಯ ಸೆನ್ಸರ್‌ಗಳು ತೂಕ ಯಾವ ಕಡೆ ವಾಲಿದೆ ಎಂದು ಹೇಳುತ್ತವೆ. 150 ಕೆಜಿವರೆಗೆ ತಡೆಯುತ್ತದೆ. ಒಂದು ಕಾಲಿನ ಮೇಲೆ ಜಾಸ್ತಿ ಭಾರ ಹಾಕಿ ನಿಲ್ಲುವ ಅಭ್ಯಾಸ ಇದ್ದರೆ ಅದು ಪರದೆಯಲ್ಲಿ ಕಾಣುತ್ತದೆ. ಚಾಪೆ, ಜಮಖಾನದ ಮೇಲಿಡದೆ ಗಟ್ಟಿ ನೆಲದ ಮೇಲಿಡಿ.

ಇನ್ನೊಂದು ಸ್ವಿಚ್‌ನ ರಿಂಗ್ ಫಿಟ್ ಅಡ್ವೆಂಚರ್, 2019ರದು. ಬಗ್ಗುವ ಒಂದು ದೊಡ್ಡ ಬಳೆಗೆ ಬಲಗಡೆಯ ಜಾಯ್-ಕಾನ್ ಸಿಕ್ಕಿಸಬೇಕು. ಎಡದ್ದನ್ನು ತೊಡೆಗೆ ಪಟ್ಟಿ ಕಟ್ಟಿ ಅದರಲ್ಲಿ ಇಡಬೇಕು. ಬಳೆಯನ್ನು ಎಷ್ಟು ಒತ್ತಿದಿರಿ, ಎಷ್ಟು ಎಳೆದಿರಿ ಎಲ್ಲವನ್ನೂ ಅಳೆಯುತ್ತದೆ. ಓಡಲು ನಿಂತಲ್ಲೇ ಹೆಜ್ಜೆ ಹಾಕಬೇಕು. ಮೆತ್ತಿನ ಹಲಗೆಯ ಮೇಲೆ ಆಡುವವರು ಸೈಲೆಂಟ್ ಮೋಡ್ ಹಾಕಿಕೊಳ್ಳಿ. ಆಗ ಓಡುವ ಬದಲು ಮೊಣಕಾಲು ಬಗ್ಗಿಸಿ ಎದ್ದರೆ ಸಾಕು, ಕೆಳಗೆ ಮಲಗಿದವರಿಗೆ ಧಡಧಡ ಸದ್ದಾಗುವುದಿಲ್ಲ. ವ್ಯಾಯಾಮಕ್ಕೇ ಕೊಳ್ಳುವುದಾದರೆ ಈ ನಾಲ್ಕೂ ಯಂತ್ರಗಳಲ್ಲಿ ಇದಕ್ಕೆ ನನ್ನ ಮತ.

ಕ್ರಿಕೆಟ್ ಇದೆಯಾ?

ನಮ್ಮವರ ಮೊದಲ ಪ್ರಶ್ನೆ ಇದೇ. ಕೈ ಬೀಸಿ ಆಡುವ ಕ್ರಿಕೆಟ್ ಬಹಳ ಕಡಿಮೆ. ಪಿಎಸ್3ರ ಮೂವ್‌ಗೆ ಮೂವ್ ಸ್ಟ್ರೀಟ್ ಕ್ರಿಕೆಟ್ ಎಂಬುದು ಭಾರತದಲ್ಲೇ ತಯಾರಾಗಿತ್ತು. ಅಂಥದ್ದು ಸಿಗದಿದ್ದರೆ ವೀ ಸ್ಪೋರ್ಟ್ಸ್‌ನ ಬೇಸ್‌ಬಾಲ್‌ನಲ್ಲೇ ತೃಪ್ತಿ ಪಡಬೇಕು. ಬ್ಯಾಡ್ಮಿಂಟನ್ ಇಷ್ಟವಿದ್ದರೆ 2022ರಲ್ಲಿ ಬಂದ ಸ್ವಿಚ್ ಸ್ಪೋರ್ಟ್ಸ್ ತಗೊಳ್ಳಿ. ಅದರ ಬ್ಯಾಡ್ಮಿಂಟನ್ ಚೆನ್ನಾಗಿದೆ. ವಾಲಿಬಾಲ್ ಕೂಡ ಇದೆ.

ಕಿನೆಕ್ಟ್ ಈಗ ತಗೊಳ್ಳುವುದು ಸರಿಯಾ?

ಬಂದಾಗ ಅದಕ್ಕಿದ್ದ ಅಬ್ಬರ ದೊಡ್ಡದು. ಮೊದಲ 60 ದಿನದಲ್ಲಿ 80 ಲಕ್ಷ ಮಾರಾಟವಾಗಿ ಗಿನ್ನೆಸ್ ದಾಖಲೆ ಮಾಡಿತ್ತು. ಆದರೆ 2017ರಲ್ಲಿ ತಯಾರಿಕೆಯನ್ನೇ ನಿಲ್ಲಿಸಿದರು. 2020ರ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಸೀರೀಸ್ ಎಸ್‌ಗಳಲ್ಲಿ ಇದು ನಡೆಯುವುದೇ ಇಲ್ಲ. ಎಕ್ಸ್‌ಬಾಕ್ಸ್ 360ರ ಆನ್‌ಲೈನ್ ಅಂಗಡಿ 2024ರ ಜುಲೈ 29ಕ್ಕೆ ಮುಚ್ಚಿತು. ಇನ್ನು ಡಿಸ್ಕ್ ಸಿಕ್ಕಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇಷ್ಟಾದರೂ ಬೇಡ ಎನ್ನಲು ನನಗೆ ಮನಸ್ಸಿಲ್ಲ. ನಾಲ್ಕೈದು ಒಳ್ಳೆಯ ಡಿಸ್ಕ್ ಜೊತೆಗೆ ಅಗ್ಗಕ್ಕೆ ಸಿಕ್ಕಿದರೆ ತಗೊಳ್ಳಿ. ಕೈಯಲ್ಲಿ ಏನೂ ಹಿಡಿಯದೆ ಇಡೀ ಮೈಯಿಂದ ಆಡುವ ಸುಖ ಉಳಿದ ಮೂರರಲ್ಲಿ ಇಲ್ಲ. ಯಕ್ಷಗಾನದ ಹೆಜ್ಜೆ ಕಲಿಯುವ ಮಕ್ಕಳು ಇದರ ಮುಂದೆ ನಿಂತರೆ ಬೇಗ ಹಿಡಿತ ಸಾಧಿಸುತ್ತಾರೆ, ತೋಳು ಪೂರ್ತಿ ಚಾಚುವ ಅಭ್ಯಾಸ ಅವರಿಗೆ ಇದ್ದೇ ಇರುತ್ತದೆ.

ಕೊಳ್ಳುವಾಗ ಒಂದು ನೋಡಿ. ಹಳೆಯ ದಪ್ಪ ಎಕ್ಸ್‌ಬಾಕ್ಸ್ 360 ಆದರೆ ಕಿನೆಕ್ಟ್‌ಗೆ ಬೇರೆ ಕರೆಂಟ್ ಅಡಾಪ್ಟರ್ ಬೇಕು. ತೆಳ್ಳಗಿನ ಮಾದರಿಗೆ ಬೇಡ. ಎಷ್ಟೋ ಮಂದಿ ಆ ಅಡಾಪ್ಟರ್ ಕಳೆದುಕೊಂಡು ಕಿನೆಕ್ಟ್ ಮಾತ್ರ ಮಾರುತ್ತಿರುತ್ತಾರೆ.

ಸ್ವಿಚ್ ಲೈಟ್ ಅಗ್ಗ. ಅದು ಆಗುತ್ತದಾ? ಸ್ವಿಚ್ 2 ಹೇಗೆ?

ಲೈಟ್ ಬೇಡ. ಅದರ ಕಂಟ್ರೋಲರ್ ಬಿಚ್ಚಲು ಬರುವುದಿಲ್ಲ, ಟಿವಿಗೂ ಹಾಕಲು ಬರುವುದಿಲ್ಲ. ಕೈ ಬೀಸುವ ಆಟಕ್ಕೆ ಅದು ಹೊಂದುವುದಿಲ್ಲ.

ಸ್ವಿಚ್ 2 ಬಂದದ್ದು 2025ರ ಜೂನ್ 5ರಂದು. ಜಾಯ್-ಕಾನ್ 2 ಅಯಸ್ಕಾಂತದಿಂದ ಅಂಟುತ್ತದೆ, ಮೌಸ್ ಹಾಗೂ ಬಳಸಬಹುದು. ಹಳೆಯ ಜಾಯ್-ಕಾನ್‌ಗಳನ್ನೂ ಬ್ಲೂಟೂತ್‌ನಲ್ಲಿ ಜೋಡಿಸಬಹುದು. ರಿಂಗ್ ಫಿಟ್ ಆಡುವ ಯೋಚನೆ ಇದ್ದರೆ ಹಳೆಯ ಜೋಡಿ ಬೇಕೇ ಬೇಕು, ಹೊಸದು ಆ ಬಳೆಗೆ ಕೂರುವುದಿಲ್ಲ. ಬರೀ ಮನೆಮಂದಿ ಸೇರಿ ಆಡಲು ಮೊದಲನೆಯ ಸ್ವಿಚ್ ಧಾರಾಳ ಸಾಕು.

ನಮ್ಮಲ್ಲಿ ಸ್ವಿಚ್ ಬರುವುದು ಹೆಚ್ಚಾಗಿ ಹೊರಗಿನಿಂದ ತರಿಸುವ ವ್ಯಾಪಾರಿಗಳ ಮೂಲಕ. ವಾರಂಟಿ ಯಾರು ಕೊಡುತ್ತಾರೆ, ಎಷ್ಟು ದಿನ ಎಂದು ಬಿಲ್ ಮೇಲೆ ಬರೆಸಿಕೊಳ್ಳಿ.

ಪಿಎಸ್5 ಇದೆ. ಅದಕ್ಕೆ ಮೂವ್ ಕೋಲು ಹಾಕಬಹುದಾ?

ಪಿಎಸ್4ರ ಹಳೆಯ ವಿಆರ್ (ಕಣ್ಣಿಗೆ ಕನ್ನಡಕದಂಥ ಪರದೆ ಕಟ್ಟಿಕೊಂಡು ಆಡುವ) ಆಟಗಳಿಗೆ ಮಾತ್ರ. ಟಿವಿ ಮುಂದೆ ನಿಂತು ಬೀಸಲು ಆಗುವುದಿಲ್ಲ. ಪಿಎಸ್5 ಇರುವವರಿಗೆ ಸುಲಭದ ದಾರಿ ಜಸ್ಟ್ ಡ್ಯಾನ್ಸ್ ಎಂಬ ಕುಣಿತದ ಆಟ. ಅದಕ್ಕೆ ನಿಮ್ಮ ಮೊಬೈಲೇ ಕಂಟ್ರೋಲರ್. ಫೋನನ್ನು ಬಲಗೈಯಲ್ಲಿ ಹಿಡಿದು ಕುಣಿದರೆ ಅದರೊಳಗಿನ ಸೆನ್ಸರ್‌ಗಳು ಅಂಕ ಹೇಳುತ್ತವೆ. ಮೊಬೈಲಿಗೆ ದಾರ ಇರುವ ಕವರ್ ಹಾಕಿಕೊಳ್ಳಿ.

ವಿಆರ್ ಕನ್ನಡಕ ಇದಕ್ಕಿಂತ ಒಳ್ಳೆಯದಲ್ವಾ?

ಕೈ, ತಲೆ ಗುರುತಿಸುವುದರಲ್ಲಿ ಇವೆಲ್ಲಕ್ಕಿಂತ ಬಹಳ ಮುಂದು. ಆದರೆ ಒಬ್ಬರು ಹಾಕಿಕೊಂಡರೆ ಉಳಿದವರು ನೋಡುತ್ತ ಕೂರಬೇಕು. ಕೆಲವರಿಗೆ ತಲೆ ಸುತ್ತುತ್ತದೆ, ನಮ್ಮ ಸೆಕೆಯಲ್ಲಿ ಮುಖ ಬೆವೆತು ಗಾಜು ಮಂಜಾಗುತ್ತದೆ. ಚಿಕ್ಕ ಮಕ್ಕಳಿಗೆ ಬೇಡ. ಮನೆಮಂದಿಯ ಆಟಕ್ಕೆ ನಾನು ಇದನ್ನು ಹೇಳುವುದಿಲ್ಲ.

ಜಾತ್ರೆಯಲ್ಲಿ, ಆನ್‌ಲೈನ್‌ನಲ್ಲಿ ವೀ ಹಾಗೇ ಕಾಣುವ ಅಗ್ಗದ ಟಿವಿ ಗೇಮ್ ಸಿಗುತ್ತದೆ. ತಗೊಳ್ಳಬಹುದಾ?

ಬೇಡ. ಅಂಥವುಗಳ ಒಳಗೆ ಹೆಚ್ಚಾಗಿ ಇರುವುದು ಅಲುಗಿದರೆ ಒತ್ತಿಕೊಳ್ಳುವ ಒಂದು ಬಟನ್, ಅಷ್ಟೇ. ಮೆಲ್ಲಗೆ ಬೀಸಿ, ಜೋರಾಗಿ ಬೀಸಿ, ಎರಡೂ ಒಂದೇ. ಮಕ್ಕಳಿಗೆ ಎರಡೇ ದಿನದಲ್ಲಿ ಬೇಜಾರು ಬರುತ್ತದೆ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ನಿಜವಾದ ಹಳೆಯ ವೀ ತಗೊಳ್ಳಿ.

ನಾನು ಬೀಸಿದ ಸ್ವಲ್ಪ ಹೊತ್ತಿನ ಮೇಲೆ ಪರದೆಯಲ್ಲಿ ಬೀಸುತ್ತದೆ.

ಮೊದಲು ಟಿವಿಯ ಗೇಮ್ ಮೋಡ್ ಆನ್ ಮಾಡಿ. ಚಿತ್ರವನ್ನು ಚಂದ ಮಾಡಲು ಟಿವಿ ತಗೊಳ್ಳುವ ಹೊತ್ತು ಉಳಿಯುತ್ತದೆ. ಕಿನೆಕ್ಟ್‌ನಲ್ಲಿ ಸ್ವಲ್ಪ ತಡ ಇದ್ದೇ ಇರುತ್ತದೆ, ಅದು ದೋಷವಲ್ಲ.

ವೀ ರಿಮೋಟ್ ಕನೆಕ್ಟ್ ಆಗ್ತಿಲ್ಲ.

ಹೊಸ ಸೆಲ್ ಹಾಕಿ. ಆಮೇಲೆ ರಿಮೋಟಿನ ಸೆಲ್ ಮುಚ್ಚಳದೊಳಗಿನ ಕೆಂಪು ಬಟನ್ ಒತ್ತಿ. ಯಂತ್ರದ ಮುಂದೆ ಎಸ್‌ಡಿ ಕಾರ್ಡ್ ಹಾಕುವ ಚಿಕ್ಕ ಬಾಗಿಲಿನ ಒಳಗೂ ಅಂಥದೇ ಕೆಂಪು ಬಟನ್ ಇದೆ, ಅದನ್ನೂ ಒತ್ತಿ. ನೀಲಿ ದೀಪ ಮಿನುಗಿ ಒಂದು ಮಾತ್ರ ಉಳಿದರೆ ಜೋಡಣೆ ಆಯಿತು.

ಕರೆಂಟ್ ಪದೇ ಪದೇ ಹೋಗುತ್ತದೆ. ಇನ್ವರ್ಟರ್ ಮೇಲೆ ನಡೆಯುತ್ತದಾ?

ವೀ, ಸ್ವಿಚ್ ಎರಡೂ ಕಡಿಮೆ ಕರೆಂಟ್ ತಿನ್ನುತ್ತವೆ. ಸ್ವಿಚ್ ಅಡಾಪ್ಟರ್ 39 ವ್ಯಾಟ್‌ನದು, ವೀಯದು 44ರ ಆಸುಪಾಸು. ಮನೆಯ ಇನ್ವರ್ಟರ್‌ಗೆ ಇದು ಭಾರವಲ್ಲ, ಲೆಕ್ಕಕ್ಕೆ ಬರುವುದು ಟಿವಿ. ಹಳೆಯ ದಪ್ಪ ಪಿಎಸ್3, ಎಕ್ಸ್‌ಬಾಕ್ಸ್ 360 ಮಾತ್ರ 150 ವ್ಯಾಟ್‌ಗೂ ಜಾಸ್ತಿ ಎಳೆಯುತ್ತವೆ. ಸ್ವಿಚ್‌ಗೆ ಒಳಗೇ ಬ್ಯಾಟರಿ ಇರುವುದರಿಂದ ಕರೆಂಟ್ ಹೋದರೂ ಆಟ ಅಳಿಸಿಹೋಗುವುದಿಲ್ಲ.

ಮೇ ತಿಂಗಳ ಗುಡುಗು ಶುರುವಾದರೆ ಗೋಡೆಯ ಬಟನ್ ಆಫ್ ಮಾಡಿದರೆ ಸಾಲದು. ಪ್ಲಗ್ ಕೀಳಿ, ಟಿವಿಯ ಡಿಶ್ ಕೇಬಲನ್ನೂ ಕೀಳಿ. ಸಿಡಿಲು ಡಿಶ್ ದಾರಿಯಲ್ಲಿ ಟಿವಿಗೆ, ಅಲ್ಲಿಂದ ಎಚ್‌ಡಿಎಂಐ ವೈರಿನಲ್ಲಿ ಯಂತ್ರಕ್ಕೆ ಬರಬಹುದು.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಏನು ನೋಡಬೇಕು? ಮಳೆಗಾಲದಲ್ಲಿ ಹೇಗೆ ಇಡಬೇಕು?

ಎರಡನ್ನೂ ಒಟ್ಟಿಗೆ ಹೇಳುತ್ತೇನೆ, ಯಾಕೆಂದರೆ ಕರಾವಳಿಯಲ್ಲಿ ಎರಡರ ಶತ್ರು ಒಂದೇ. ಉಪ್ಪುಗಾಳಿ ಮತ್ತು ತೇವ.

ವೀ ರಿಮೋಟಿನ ಸೆಲ್ ಮುಚ್ಚಳ ತೆಗೆದು ಸ್ಪ್ರಿಂಗ್ ನೋಡಿ. ಹಸಿರು ಕಿಲುಬು ಅಥವಾ ಬಿಳಿ ಪುಡಿ ಇದ್ದರೆ ಸೆಲ್ ಸೋರಿದೆ ಎಂದರ್ಥ. ಸ್ವಲ್ಪವಾದರೆ ನಿಂಬೆರಸ ಅದ್ದಿದ ಹತ್ತಿಯಿಂದ ಒರೆಸಿ, ಚೆನ್ನಾಗಿ ಒಣಗಿಸಿದರೆ ಸರಿಹೋಗುತ್ತದೆ. ಸ್ಪ್ರಿಂಗೇ ತಿಂದುಹೋಗಿದ್ದರೆ ಬಿಡಿ. ಡಿಸ್ಕ್ ಹಾಕಿ ಹತ್ತು ನಿಮಿಷವಾದರೂ ಆಡಿಸಿ ನೋಡಿ. ತೇವದಿಂದ ಲೆನ್ಸ್ ಮಸುಕಾಗಿದ್ದರೆ ಮೊದಲು ಓದಿ ಆಮೇಲೆ ನಿಲ್ಲುತ್ತದೆ. ಕಿನೆಕ್ಟ್ ಆನ್ ಮಾಡಿದಾಗ ತಲೆ ಮೇಲೆ ಕೆಳಗೆ ಆಡಿಸುತ್ತದಾ ಗಮನಿಸಿ. ಮೂವ್ ಕೋಲಿನ ಬ್ಯಾಟರಿ ಒಳಗೇ ಇದೆ. ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದರೆ ಚಾರ್ಜ್ ನಿಲ್ಲುವುದಿಲ್ಲ. ಅರ್ಧ ಗಂಟೆ ಆಡಿಸದೆ ದುಡ್ಡು ಕೊಡಬೇಡಿ.

ಜಾಯ್-ಕಾನ್‌ಗೆ ಎಲ್ಲ ಕಡೆ ಇರುವ ಕಾಯಿಲೆ ಡ್ರಿಫ್ಟ್. ಹೆಬ್ಬೆರಳಿನಿಂದ ಆಡಿಸುವ ಕಡ್ಡಿ (ಸ್ಟಿಕ್) ಮುಟ್ಟದಿದ್ದರೂ ಪರದೆಯ ಗೊಂಬೆ ತಾನಾಗೇ ನಡೆಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಕಡ್ಡಿಯನ್ನು ಕ್ಯಾಲಿಬ್ರೇಟ್ ಮಾಡುವ ಪುಟ ತೆರೆಯಿರಿ. ಕೈ ಬಿಟ್ಟಾಗ ಗುರುತು ನಡುವಲ್ಲೇ ನಿಂತರೆ ಒಳ್ಳೆಯದು. ಸರಿದರೆ ಕಡ್ಡಿ ಬದಲಿಸಬೇಕು. ಬೀಸಿ ಆಡುವ ಆಟಗಳಿಗೆ ಇದು ಅಷ್ಟು ಬಾಧಿಸುವುದಿಲ್ಲ, ಬೆಲೆ ಇಳಿಸಿ ಕೇಳಲು ಒಳ್ಳೆಯ ಕಾರಣ.

ಇಡುವ ಬಗ್ಗೆ: ಆಟ ಮುಗಿದ ಮೇಲೆ ಬೆವರು ಒರೆಸಿ. ಒಂದು ವಾರ ಆಡುವುದಿಲ್ಲ ಎಂದಾದರೆ ಸೆಲ್ ತೆಗೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಿಮೋಟ್, ಡಿಸ್ಕ್‌ಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಯಂತ್ರವನ್ನು ಮಾತ್ರ ಹಾಗೆ ಮುಚ್ಚಿಡಬೇಡಿ, ವಾರಕ್ಕೊಮ್ಮೆಯಾದರೂ ಆನ್ ಮಾಡಿ. ಅದರದೇ ಬಿಸಿಗೆ ಒಳಗಿನ ತೇವ ಆರುತ್ತದೆ. ಪ್ಲಾಸ್ಟಿಕ್ ಕವರ್ ಹೊದಿಸಿಟ್ಟರೆ ಒಳಗೇ ಬೂಷ್ಟು ಬರುತ್ತದೆ. ತೆಳ್ಳಗಿನ ಹತ್ತಿ ಬಟ್ಟೆ ಸಾಕು, ಆಡುವಾಗ ಅದನ್ನು ತೆಗೆಯಲು ಮರೆಯಬೇಡಿ.